ಅರ್ಧ ಸೆಕೆಂಡು ತಡ ಯಾಕಾಯ್ತು? ಬ್ಲೀಡಿಂಗ್ ಎಡ್ಜ್ ಲಿನಕ್ಸ್‌ನ ಕತೆ

ಈ ಸಂಚಿಕೆ ನಿಮಗೆ ಒಂದು ವಾರ ತಡವಾಗಿ ಸಿಗ್ತಾ ಇದೆ. ಕಾರಣ ಹೇಳಲೇಬೇಕು, ಯಾಕಂದ್ರೆ ಇವತ್ತಿನ ವಿಷಯ ಹುಟ್ಟಿದ್ದೇ ಅಲ್ಲಿಂದ. ಕಳೆದ ಶನಿವಾರ ರೆಕಾರ್ಡಿಂಗಿಗೆ ಕೂರೋದಕ್ಕೆ ಹತ್ತು ನಿಮಿಷ ಮುಂಚೆ ನಮ್ಮಲ್ಲೊಬ್ಬರು "ತಡೀರಿ, ಒಂದು ಅಪ್‌ಡೇಟ್ ಹಾಕಿಬಿಡ್ತೀನಿ" ಅಂದ್ರು. ಹಾಕಿದ್ರು. ಲ್ಯಾಪ್‌ಟಾಪ್ ಮತ್ತೆ ಶುರುವಾದಾಗ ಮೈಕೇ ಮಾಯ! ಎರಡು ಗಂಟೆ ತಡಕಾಡಿ, ಕೊನೆಗೆ ಹಿಂದಿನ ಕರ್ನಲ್‌ಗೆ ವಾಪಸ್ ಹೋದ ಮೇಲೆ ಮೈಕ್ ಬಂತು. ಅಷ್ಟು ಹೊತ್ತಿಗೆ ಇನ್ನೊಂದು ಟೈಮ್ ಝೋನಿನಲ್ಲಿ ಕೂತಿದ್ದವರಿಗೆ ಮಧ್ಯರಾತ್ರಿ ಆಗಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲರ ಹಾಗೆ ಗಟ್ಟಿಯಾಗಿರೋದನ್ನ ಹಾಕ್ಕೊಳ್ಳೋಕೆ ನಿಮಗೇನ್ರೀ ಕಷ್ಟ?"

ಬೈಗುಳದ ಹಾಗೆ ಕೇಳಿಸಿದ್ರೂ ಅದು ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕ್ತಾ ಹೋದಾಗ ನಾವು ಬಂದು ನಿಂತಿದ್ದು 2024ರ ಮಾರ್ಚ್ ತಿಂಗಳಿನಲ್ಲಿ.

ಮೊದಲು, ಲಿನಕ್ಸ್ ಬಳಸದ ಕೇಳುಗರಿಗಾಗಿ ಎರಡು ಮಾತು. ಲಿನಕ್ಸ್ ಅಂದ್ರೆ ನಿಜವಾಗಿ ಕರ್ನಲ್ ಮಾತ್ರ. ಅದರ ಜೊತೆಗೆ ಕಂಪೈಲರ್, ಬ್ರೌಸರ್, ಫಾಂಟ್, ನೂರಾರು ಲೈಬ್ರರಿ ಎಲ್ಲ ಸೇರಿಸಿ, ಒಂದಕ್ಕೊಂದು ಹೊಂದುವ ಹಾಗೆ ಕಟ್ಟಿಕೊಡುವುದನ್ನು ಡಿಸ್ಟ್ರಿಬ್ಯೂಷನ್ ಅಂತಾರೆ, ಬಾಯಿಮಾತಿನಲ್ಲಿ ಡಿಸ್ಟ್ರೋ. ಇದನ್ನು ಕಟ್ಟುವುದರಲ್ಲಿ ಎರಡು ಪಂಥಗಳಿವೆ. ಡೆಬಿಯನ್‌ನ ಸ್ಟೇಬಲ್ ಆವೃತ್ತಿಯವರು ಸುಮಾರು ಎರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಒಂದು ಹಂತದಲ್ಲಿ ನಿಲ್ಲಿಸಿ, ಪರೀಕ್ಷೆ ಮಾಡಿ, ಬಿಡುಗಡೆ ಮಾಡ್ತಾರೆ. ಆಮೇಲೆ ಭದ್ರತೆಯ ತೇಪೆಗಳು ಬರ್ತವೆಯೇ ಹೊರತು ಹೊಸ ಆವೃತ್ತಿಗಳು ಬರೋದು ಕಡಿಮೆ. ಇನ್ನೊಂದು ಪಂಥದವರು ಮೂಲ ಯೋಜನೆಯಲ್ಲಿ ಹೊಸದು ಬಂದ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ, ಅದನ್ನು ನಿಮ್ಮ ಯಂತ್ರಕ್ಕೆ ತಲುಪಿಸ್ತಾರೆ. ಇದಕ್ಕೆ ರೋಲಿಂಗ್ ಅಂತ ಹೆಸರು. ಇಂಥವನ್ನೇ ಬ್ಲೀಡಿಂಗ್ ಎಡ್ಜ್ ಅಂತಲೂ ಕರೀತಾರೆ. ಅಲಗು ಹರಿತ, ಹುಷಾರು ತಪ್ಪಿದ್ರೆ ಕೈ ಕೊಯ್ಯುತ್ತೆ ಅನ್ನೋ ಅರ್ಥದಲ್ಲಿ.

ಈ ಎರಡನೇ ಪಂಥದಲ್ಲೂ ಎಲ್ಲರೂ ಒಂದೇ ಥರ ಅಲ್ಲ. 2002ರಲ್ಲಿ ಜಡ್ ವಿನೆಟ್ ಶುರುಮಾಡಿದ ಆರ್ಚ್ ಲಿನಕ್ಸ್ ಮೂಲ ಕೋಡನ್ನು ಆದಷ್ಟು ಮುಟ್ಟದೆ, ಇದ್ದ ಹಾಗೇ ಕೊಡುತ್ತೆ. ಓಪನ್‌ಸೂಸೆಯ ಟಂಬಲ್‌ವೀಡ್‌ನಲ್ಲಿ ಪ್ರತಿ ಸ್ನ್ಯಾಪ್‌ಶಾಟ್ ಹೊರಬೀಳುವ ಮೊದಲು ಓಪನ್‌ಕ್ಯೂಎ ಎಂಬ ವ್ಯವಸ್ಥೆ ಅದನ್ನು ತಾನೇ ಇನ್‌ಸ್ಟಾಲ್ ಮಾಡಿ, ಪರದೆ ನೋಡಿ, ಗುಂಡಿ ಒತ್ತಿ ಪರೀಕ್ಷಿಸುತ್ತೆ. ಫೆಡೋರಾದವರ ರಾಹೈಡ್ ಇನ್ನೂ ಹಸಿ. ಹೆಸರೇ ಹೇಳೋ ಹಾಗೆ ಹದ ಮಾಡದ ಚರ್ಮ. ಡೆಬಿಯನ್‌ನ ಅನ್‌ಸ್ಟೇಬಲ್‌ಗೆ ಇರುವ ಹೆಸರು ಸಿಡ್. ಡೆಬಿಯನ್ ಆವೃತ್ತಿಗಳ ಹೆಸರೆಲ್ಲ ಟಾಯ್ ಸ್ಟೋರಿ ಸಿನಿಮಾದ ಪಾತ್ರಗಳದ್ದು, ಮತ್ತು ಸಿಡ್ ಅಂದ್ರೆ ಅದರಲ್ಲಿ ಆಟದ ಸಾಮಾನುಗಳನ್ನೆಲ್ಲ ಮುರಿದು ಹಾಕುವ ಪಕ್ಕದ ಮನೆ ಹುಡುಗ. ಹೆಸರಿಟ್ಟವರು ಏನನ್ನೂ ಮುಚ್ಚಿಟ್ಟಿಲ್ಲ, ಬಿಡಿ.

ಡೆವಲಪರ್‌ಗಳು ಇವನ್ನು ಯಾಕೆ ಇಷ್ಟಪಡ್ತಾರೆ? ಹೊಸದರ ಹುಚ್ಚು ಒಂದಿಷ್ಟು ಇದ್ದೇ ಇದೆ, ಇಲ್ಲ ಅನ್ನಲ್ಲ. ಆದ್ರೆ ಅದಕ್ಕಿಂತ ದೊಡ್ಡ ಕಾರಣವೂ ಇದೆ. 2024ರ ಮೇ ತಿಂಗಳಲ್ಲಿ ಜಿಸಿಸಿ 14 ಕಂಪೈಲರ್ ಬಿಡುಗಡೆಯಾಯ್ತು. ಸಿ ಭಾಷೆಯಲ್ಲಿ ದಶಕಗಳಿಂದ ಬರೀ ಎಚ್ಚರಿಕೆ ಕೊಟ್ಟು ಬಿಟ್ಟುಬಿಡ್ತಿದ್ದ ಕೆಲವು ಸಡಿಲ ಅಭ್ಯಾಸಗಳನ್ನು, ಉದಾಹರಣೆಗೆ ಘೋಷಿಸದೇ ಇರುವ ಫಂಕ್ಷನ್ ಕರೆಯೋದನ್ನು, ಅದು ದೋಷ ಅಂತಲೇ ನಿಲ್ಲಿಸಿಬಿಟ್ಟಿತು. ಆದ್ರೆ ಫೆಡೋರಾ 40 ಅದೇ ಕಂಪೈಲರಿನ ಬಿಡುಗಡೆ ಪೂರ್ವ ರೂಪವನ್ನಿಟ್ಟುಕೊಂಡು ಏಪ್ರಿಲ್‌ನಲ್ಲೇ ಹೊರಬಂದಿತ್ತು. ಅಂದ್ರೆ ಅವರ ಪ್ಯಾಕೇಜುಗಳನ್ನೆಲ್ಲ ಅದಕ್ಕೂ ಮೊದಲೇ ಹೊಸ ಕಂಪೈಲರಿನಲ್ಲಿ ಕಟ್ಟಿ, ಒಡೆದದ್ದನ್ನು ಸರಿಮಾಡಿ, ಆ ತಿದ್ದುಪಡಿಗಳನ್ನು ಮೂಲ ಯೋಜನೆಗಳಿಗೆ ಕಳಿಸೋ ಕೆಲಸ ನಡೆದಿತ್ತು. ಆಮೇಲೆ ಬಂದವರಿಗೆ ದಾರಿ ಸುಗಮ. ನಿಮ್ಮ ಕೋಡ್ ಮುಂದಿನ ವರ್ಷ ಎಲ್ಲಿ ಓಡಬೇಕೋ, ಆ ಜಾಗದಲ್ಲಿ ಇವತ್ತೇ ವಾಸ ಮಾಡೋದು ಅಂದ್ರೆ ಇದು.

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಸುಕ್ತೀವಲ್ಲ, ಬ್ಲೀಡಿಂಗ್ ಎಡ್ಜ್ ಬಳಕೆದಾರರು ಆ ಅಗುಳು. ಹಿಸುಕಿಸಿಕೊಳ್ಳೋದು ಅಗುಳಿಗೆ ಹಿತವಲ್ಲ, ಅದು ಬೇರೆ ಮಾತು.

ಈಗ ಮಾರ್ಚ್‌ಗೆ ಬರೋಣ. ಆಂಡ್ರೆಸ್ ಫ್ರಾಯ್ಂಡ್ ಮೈಕ್ರೋಸಾಫ್ಟಿನಲ್ಲಿ ಕೆಲಸ ಮಾಡುವ, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್. ಅವರ ಯಂತ್ರದಲ್ಲಿ ಇದ್ದದ್ದು ಡೆಬಿಯನ್ ಸಿಡ್. ಅವರು ಮಾಡ್ತಿದ್ದ ಕೆಲಸಕ್ಕೂ ಭದ್ರತೆಗೂ ಏನೇನೂ ಸಂಬಂಧ ಇರಲಿಲ್ಲ. ಪೋಸ್ಟ್‌ಗ್ರೆಸ್‌ನ ವೇಗವನ್ನು ತುಂಬ ಸೂಕ್ಷ್ಮವಾಗಿ ಅಳೀತಿದ್ರು. ಅಂಥ ಅಳತೆಗೆ ಯಂತ್ರ ನಿಶ್ಶಬ್ದವಾಗಿರಬೇಕು, ಬೇರೆ ಯಾವ ಪ್ರೋಗ್ರಾಮೂ ಪ್ರೊಸೆಸರ್ ತಿನ್ನಬಾರದು. ಆದ್ರೆ ಎಸ್‌ಎಸ್‌ಎಚ್, ಅಂದ್ರೆ ದೂರದಿಂದ ಯಂತ್ರಕ್ಕೆ ಲಾಗಿನ್ ಆಗೋಕೆ ಜಗತ್ತಿನಾದ್ಯಂತ ಸರ್ವರ್‌ಗಳಲ್ಲಿ ಇರುವ ಪ್ರೋಗ್ರಾಮ್, ಲೆಕ್ಕಕ್ಕಿಂತ ಹೆಚ್ಚು ತಿನ್ನುತ್ತಿತ್ತು. ಅದೂ ತಪ್ಪು ಹೆಸರಿನಲ್ಲಿ ಒಳಗೆ ಬರೋಕೆ ಯತ್ನಿಸಿ ತಕ್ಷಣ ಹೊರಬೀಳುತ್ತಿದ್ದ ಲಾಗಿನ್‌ಗಳಿಗೆ! ಅಳೆದು ನೋಡಿದರು. ಮೊದಲು 0.3 ಸೆಕೆಂಡಿನಲ್ಲಿ ಮುಗೀತಿದ್ದದ್ದು ಈಗ 0.8 ಸೆಕೆಂಡ್ ತಗೊಳ್ತಿತ್ತು.

ಅರ್ಧ ಸೆಕೆಂಡು ತಾನೇ? ನಾವಾಗಿದ್ರೆ ಏನ್ಮಾಡ್ತಿದ್ವಿ ಅಂತ ನಮ್ಮನಮ್ಮಲ್ಲೇ ಕೇಳಿಕೊಂಡ್ವಿ. ಪ್ರಾಮಾಣಿಕ ಉತ್ತರ: "ಸಿಡ್ ಅಲ್ವಾ, ಹಂಗೇ" ಅಂತ ಕಾಫಿ ಮಾಡ್ಕೊಳ್ಳೋಕೆ ಹೋಗ್ತಿದ್ವಿ. ಫ್ರಾಯ್ಂಡ್ ಹೋಗಲಿಲ್ಲ. ಕೆಲವು ವಾರದ ಹಿಂದೆ ಪೋಸ್ಟ್‌ಗ್ರೆಸ್‌ನ ತಾನೇ ನಡೆಯುವ ಪರೀಕ್ಷೆಗಳಲ್ಲಿ, ವ್ಯಾಲ್‌ಗ್ರೈಂಡ್ ಎಂಬ ಮೆಮೊರಿ ತಪಾಸಣೆಯ ಉಪಕರಣ, ಪ್ಯಾಕೇಜ್ ಅಪ್‌ಡೇಟ್ ಆದ ಮೇಲೆ ವಿಚಿತ್ರ ದೂರು ಕೊಟ್ಟಿದ್ದು ಅವರಿಗೆ ನೆನಪಾಯ್ತು. ಎರಡೂ ಎಳೆ ಹಿಡಿದು ಹೋದಾಗ ಸಿಕ್ಕಿದ್ದು ಎಕ್ಸ್‌ಝಡ್ ಎಂಬ, ಫೈಲ್‌ಗಳನ್ನು ಕುಗ್ಗಿಸುವ ಒಂದು ಸಾಧಾರಣ ಲೈಬ್ರರಿ. ಅದರ 5.6.0 ಮತ್ತು 5.6.1 ಆವೃತ್ತಿಗಳ ಒಳಗೆ ಯಾರೋ ಹಿಂಬಾಗಿಲು ಇಟ್ಟಿದ್ದರು. ಒಂದು ಗುಪ್ತ ಕೀಲಿ ಇದ್ದವರಿಗೆ, ಪಾಸ್‌ವರ್ಡ್ ಇಲ್ಲದೆ, ಆ ಯಂತ್ರದಲ್ಲಿ ಏನನ್ನು ಬೇಕಾದರೂ ಓಡಿಸುವ ಅವಕಾಶ. ಮಾರ್ಚ್ 29ರಂದು, ಗುಡ್ ಫ್ರೈಡೇ ದಿನ, ಅವರು ಇದನ್ನು ಬಹಿರಂಗಪಡಿಸಿದರು. ಅದರ ಅಪಾಯಕ್ಕೆ ಸಿಕ್ಕ ಅಂಕ 10ಕ್ಕೆ 10.

ಬಚ್ಚಿಟ್ಟ ರೀತಿ ನೋಡಿ. ಎಲ್ಲರೂ ಓದಬಹುದಾದ ಸೋರ್ಸ್ ಕೋಡಿನಲ್ಲಿ ಅದು ನೇರವಾಗಿ ಇರಲೇ ಇಲ್ಲ. ಕೆಟ್ಟ ಕೋಡನ್ನು 'ಪರೀಕ್ಷೆಗೆ ಬೇಕಾದ ಹಾಳಾದ ಫೈಲು' ಅನ್ನೋ ನೆಪದಲ್ಲಿ ಕುಗ್ಗಿಸಿ ಒಳಗಿಟ್ಟಿದ್ದರು. ಅದನ್ನು ಬಿಚ್ಚಿ ಜೋಡಿಸುವ ಸಣ್ಣ ಸ್ಕ್ರಿಪ್ಟ್ ಇದ್ದದ್ದು ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಮಾತ್ರ, ಗಿಟ್‌ನಲ್ಲಿ ಅಲ್ಲ. ಅದೂ ಡೆಬಿಯನ್ ಅಥವಾ ಆರ್‌ಪಿಎಂ ಮಾದರಿಯ ಪ್ಯಾಕೇಜ್ ಕಟ್ಟುವಾಗ ಮಾತ್ರ ಎಚ್ಚರವಾಗುತ್ತಿತ್ತು. ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ಗೂ ನೇರ ನಂಟಿಲ್ಲ. ಆದರೆ ಡೆಬಿಯನ್, ಫೆಡೋರಾ ಮುಂತಾದವರು ಎಸ್‌ಎಸ್‌ಎಚ್‌ಗೆ ಸಿಸ್ಟಮ್‌ಡಿ ಜೊತೆ ಮಾತಾಡುವ ತೇಪೆ ಹಾಕಿದ್ದರು. ಸಿಸ್ಟಮ್‌ಡಿಯ ಲೈಬ್ರರಿ ಎಕ್ಸ್‌ಝಡ್ ಅನ್ನು ಎಳೆದು ತರುತ್ತಿತ್ತು. ಮನೆಗೆ ಬಂದ ನೆಂಟರ ಜೊತೆ ಬಂದ ಪರಿಚಯದವರ ಹಾಗೆ.

ಇದನ್ನು ಸೇರಿಸಿದ್ದು ಜಿಯಾ ಟಾನ್ ಎಂಬ ಹೆಸರಿನ ಖಾತೆ. ಅದರ ಹಿಂದೆ ಯಾರಿದ್ದರು ಅನ್ನೋದು ಬಯಲಾಗಿಲ್ಲ. ಎಕ್ಸ್‌ಝಡ್ ಅನ್ನು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡಿದ್ದವರು ಲಾಸ್ಸೆ ಕೊಲಿನ್, ಸಂಬಳವಿಲ್ಲದ ಹವ್ಯಾಸವಾಗಿ. 2022ರಲ್ಲಿ ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆ, ಮೊದಲಿನ ಹಾಗೆ ಕೆಲಸ ಆಗ್ತಾ ಇಲ್ಲ ಅಂತ ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದರು. ಅದೇ ಹೊತ್ತಿಗೆ ಹಿಂದೆ ಮುಂದೆ ಗೊತ್ತಿಲ್ಲದ ಕೆಲವು ಖಾತೆಗಳು "ಯಾಕಿಷ್ಟು ನಿಧಾನ, ಬೇರೆಯವರಿಗೆ ವಹಿಸಿ" ಅಂತ ಅವರ ಬೆನ್ನು ಬಿದ್ದವು. 2021ರ ಕೊನೆಯಿಂದಲೇ ವಿನಯದಿಂದ ಸಹಾಯ ಮಾಡ್ತಿದ್ದ ಜಿಯಾ ಟಾನ್‌ಗೆ ಕ್ರಮೇಣ ಬಿಡುಗಡೆ ಮಾಡುವ ಅಧಿಕಾರ ಸಿಕ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದು ಮಾಡಿದ ಕೆಲಸ. ಈ ಇಡೀ ಕತೆಯಲ್ಲಿ ನಮಗೆ ಅತಿ ಬೇಸರ ತಂದಿದ್ದು ಇದೇ. ದಣಿದ ಮನುಷ್ಯನೊಬ್ಬನ ದಣಿವನ್ನೇ ಬಾಗಿಲು ಮಾಡಿಕೊಂಡರು.

ಹಾಗಾದ್ರೆ ಹಿಂಬಾಗಿಲು ಎಲ್ಲಿಯವರೆಗೆ ತಲುಪಿತ್ತು? ಡೆಬಿಯನ್ ಸಿಡ್ ಮತ್ತು ಟೆಸ್ಟಿಂಗ್, ಫೆಡೋರಾ ರಾಹೈಡ್ ಮತ್ತು 40ರ ಬೀಟಾ, ಮಾರ್ಚ್ 7ರಿಂದ 28ರವರೆಗೆ ಟಂಬಲ್‌ವೀಡ್. ಬಹುತೇಕ ಎಲ್ಲ ಬ್ಲೀಡಿಂಗ್ ಎಡ್ಜ್! ಡೆಬಿಯನ್ ಸ್ಟೇಬಲ್‌ನಲ್ಲಿ ಇದ್ದದ್ದು ಹಳೆಯ 5.4.1, ಅದಕ್ಕೆ ಏನೂ ಆಗಲಿಲ್ಲ. ಆರ್ಚ್‌ಗೂ ಆ ಆವೃತ್ತಿ ಬಂದಿತ್ತು. ಆದರೆ ಅವರು ಎಸ್‌ಎಸ್‌ಎಚ್‌ಗೆ ಆ ತೇಪೆ ಹಾಕಿರಲಿಲ್ಲವಾದ್ದರಿಂದ ಎಸ್‌ಎಸ್‌ಎಚ್‌ವರೆಗೆ ಅದು ಮುಟ್ಟಲಿಲ್ಲ. ಜಾಣತನ ಅಲ್ಲ, ಮೂಲವನ್ನು ಮುಟ್ಟದಿರುವ ಅವರ ಹಳೇ ಅಭ್ಯಾಸ ಕಾಪಾಡಿತು.

"ನೋಡಿದ್ರಾ, ರೋಲಿಂಗ್ ಅಂದ್ರೆ ಅಪಾಯ" ಅಂತ ಆಗ ಬಹಳ ಜನ ಅಂದ್ರು. "ನೋಡಿದ್ರಾ, ರೋಲಿಂಗ್ ಇದ್ದಿದ್ದಕ್ಕೇ ಸಿಕ್ಕಿಬಿತ್ತು" ಅಂತ ಇನ್ನಷ್ಟು ಜನ. ನಮ್ಮ ಪ್ರಕಾರ ಎರಡೂ ಅರ್ಧ ಸತ್ಯ. ದಾಳಿ ಮಾಡಿದವರ ಕಣ್ಣು ಇದ್ದದ್ದು ಹವ್ಯಾಸಿಗಳ ಲ್ಯಾಪ್‌ಟಾಪಿನ ಮೇಲೆ ಅಲ್ಲ ಅನ್ಸುತ್ತೆ. ಫೆಡೋರಾ 40 ಮತ್ತು ಉಬುಂಟು 24.04ರ ಬಿಡುಗಡೆ ಏಪ್ರಿಲ್ ಕೊನೆಗೆ ಇತ್ತು. ಉಬುಂಟುವಿನದ್ದು ವರ್ಷಗಟ್ಟಲೆ ಬೆಂಬಲ ಸಿಗುವ ಆವೃತ್ತಿ, ಕಂಪನಿಗಳ ಸರ್ವರಿನಲ್ಲಿ ಕೂರುವಂಥದ್ದು. ಹೊಸ ಎಕ್ಸ್‌ಝಡ್ ಅನ್ನು ಬೇಗ ಸೇರಿಸಿಕೊಳ್ಳಿ ಅಂತ ಡಿಸ್ಟ್ರೋಗಳ ಮೇಲೆ ಒತ್ತಡವೂ ಬಂದಿತ್ತು. ಅಲ್ಲಿಗೆ ಹೋಗಬೇಕಾದ್ರೆ ದಾರಿ ಇರೋದು ಸಿಡ್, ರಾಹೈಡ್ ಮೂಲಕವೇ. ಸಿಕ್ಕಿಬಿದ್ದದ್ದು ಆ ದಾರಿಯಲ್ಲಿ, ಊರು ಸೇರೋ ಮೊದಲು. ಉಬುಂಟುವಿನವರು ಬೀಟಾವನ್ನು ಒಂದು ವಾರ ಮುಂದೂಡಿ ಪ್ಯಾಕೇಜುಗಳನ್ನು ಮತ್ತೆ ಕಟ್ಟಿದರು.

"ಹಾಗಾದ್ರೆ ಎಲ್ಲ ಅಪ್‌ಡೇಟನ್ನೂ ಎರಡು ವಾರ ತಡೆದು ಹಾಕ್ಕೊಂಡ್ರೆ ಆಯ್ತಲ್ಲ" ಅಂತ ನೀವು ಕೇಳಬಹುದು. ಸರಿ. ಆದ್ರೆ ಆ ಎರಡು ವಾರದಲ್ಲಿ ಯಾರಾದರೂ ಬಳಸಿ, ಅಳೆದು, ಗೊಣಗಬೇಕಲ್ಲ? ಎಲ್ಲರೂ ಕಾದರೆ ಕಾಯುವ ಅವಧಿಗೆ ಅರ್ಥವೇ ಇಲ್ಲ, ಕೆಟ್ಟದ್ದು ಎರಡು ವಾರ ತಡವಾಗಿ ಎಲ್ಲರಿಗೂ ಒಟ್ಟಿಗೆ ಬರುತ್ತೆ ಅಷ್ಟೆ. ನಿಮ್ಮ ಆಫೀಸಿನ ಸರ್ವರ್ ನೆಮ್ಮದಿಯಾಗಿ ಮಲಗಿರೋದು ಎಲ್ಲೋ ಒಬ್ಬರ ಲ್ಯಾಪ್‌ಟಾಪಿನಲ್ಲಿ ಮೈಕ್ ಮಾಯ ಆಗಿದ್ದರಿಂದ.

ಇಷ್ಟು ಹೇಳಿದ ಮೇಲೂ, ಊರಲ್ಲಿರುವ ಅಪ್ಪ ಅಮ್ಮನ ಕಂಪ್ಯೂಟರಿಗೆ ದಯವಿಟ್ಟು ಸಿಡ್ ಹಾಕಬೇಡಿ. ಸರ್ವರ್‌ಗೂ ಬೇಡ. ನೀವು ಕೋಡ್ ಬರೆಯುವ ಯಂತ್ರಕ್ಕೆ ಹಾಕ್ಕೊಳ್ಳೋದಾದ್ರೆ, ಹಿಂದಕ್ಕೆ ಹೋಗುವ ದಾರಿ ಮೊದಲು ಮಾಡಿಟ್ಟುಕೊಳ್ಳಿ. ಟಂಬಲ್‌ವೀಡ್‌ನಲ್ಲಿ ಹಿಂದಿನ ಸ್ನ್ಯಾಪ್‌ಶಾಟಿಗೆ ಬೂಟ್ ಆಗಬಹುದು. ನಿಕ್ಸ್‌ಓಎಸ್‌ನಲ್ಲಿ ಹಳೇ ಪೀಳಿಗೆಗಳು ಮೆನುವಿನಲ್ಲೇ ಇರ್ತವೆ. ಆರ್ಚ್‌ನಲ್ಲಿ ಎಲ್‌ಟಿಎಸ್ ಕರ್ನಲ್ ಅನ್ನು ಪಕ್ಕದಲ್ಲಿ ಇಟ್ಟುಕೊಳ್ಳಬಹುದು, ಮತ್ತು ಅಲ್ಲಿ ಅರ್ಧಂಬರ್ಧ ಅಪ್‌ಡೇಟ್ ಮಾಡೋದು ಮಾತ್ರ ಬೇಡ. ಹಾಕುವ ಮೊದಲು ಅವರ ಪ್ರಕಟಣೆ ಓದಿ. ರೆಕಾರ್ಡಿಂಗಿಗೆ ಹತ್ತು ನಿಮಿಷ ಇರುವಾಗ ಅಂತೂ ಮುಟ್ಟಲೇಬೇಡಿ.

ಎಕ್ಸ್‌ಝಡ್ ಕತೆಯ ಒಂದು ತಮಾಷೆಯ ಬಾಲ ಇದೆ. ಡೆಬಿಯನ್‌ನವರು ಹಳೇ ಆವೃತ್ತಿಗೆ ಹಿಂತಿರುಗಬೇಕಿತ್ತು. ಆದರೆ ಪ್ಯಾಕೇಜ್ ವ್ಯವಸ್ಥೆ ಸಂಖ್ಯೆ ದೊಡ್ಡದಾದರೆ ಮಾತ್ರ ಅಪ್‌ಡೇಟ್ ಅಂತ ಒಪ್ಪುತ್ತೆ. ಅದಕ್ಕೆ ಅವರು ಹೊಸ ಪ್ಯಾಕೇಜಿಗೆ ಕೊಟ್ಟ ಹೆಸರು '5.6.1+ರಿಯಲಿ5.4.5'. ಹೊರಗೆ 5.6.1, ನಿಜವಾಗಿ 5.4.5!

ಇನ್ನು ನಮ್ಮ ಮೈಕ್. ಹಳೇ ಕರ್ನಲ್‌ನಲ್ಲಿ ಕೆಲಸ ಮಾಡುತ್ತೆ, ಹೊಸದರಲ್ಲಿ ಇಲ್ಲ ಅಂತ ನಮ್ಮವರು ಭಾನುವಾರ ಕೂತು ದೋಷ ವರದಿ ಬರೆಯೋಕೆ ಹೊರಟರೆ, ಅದೇ ಸೌಂಡ್ ಚಿಪ್ ಇರುವ ಇನ್ನೊಬ್ಬರು ಹಿಂದಿನ ದಿನವೇ ಬರೆದಿದ್ದರು. ಇವರು ತಮ್ಮ ಲಾಗ್ ಸೇರಿಸಿದರು. ಗುರುವಾರ ಸರಿಯಾದ ಕರ್ನಲ್ ಬಂತು. ಈ ಸಂಚಿಕೆ ರೆಕಾರ್ಡ್ ಆಗಿದ್ದು ಅದರಲ್ಲೇ.