ಪಾದ ಎದೆಗಿಂತ ಎತ್ತರದಲ್ಲಿರಲಿ

ಆಣಿ ತೆಗೆಸುವುದು, ಮಾಂಸಕ್ಕೆ ನಾಟಿದ ಹೆಬ್ಬೆರಳಿನ ಉಗುರನ್ನು ಕತ್ತರಿಸುವುದು, ಮುರಿದು ಒಳಗೇ ಉಳಿದ ಜಾಲಿಮುಳ್ಳನ್ನು ತೆಗೆಯುವುದು, ಕುರು ಕೊಯ್ದು ಕೀವು ಹೊರಹಾಕುವುದು. ಪಾದದ ಸಣ್ಣ ಆಪರೇಷನ್ ಎಂದರೆ ಹೆಚ್ಚಾಗಿ ಇವೇ. ಅಷ್ಟು ಜಾಗ ಮಾತ್ರ ಮರಗಟ್ಟುವಂತೆ ಇಂಜೆಕ್ಷನ್ ಕೊಟ್ಟು, ಬೇಗನೆ ಮುಗಿಸಿ, ಅದೇ ದಿನ ಮನೆಗೆ ಕಳಿಸುತ್ತಾರೆ. ಅರಸೀಕೆರೆಯ ತೆಂಗಿನ ತೋಟಗಳಲ್ಲಿ ಬರಿಗಾಲಲ್ಲಿ ಓಡಾಡುವವರಿಗೂ ಬೇಲೂರು ಕಡೆ ಮಳೆಗಾಲವಿಡೀ ಒದ್ದೆ ಕಾಲಲ್ಲಿ ದುಡಿಯುವವರಿಗೂ ಇದು ಅಪರೂಪದ ಸಂಗತಿಯಲ್ಲ.

ಎಡವಟ್ಟು ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲೇ. ಮರಗಟ್ಟಿಸಿದ ಮದ್ದು ಇಳಿಯಲು ಕೆಲವು ಗಂಟೆ ಬೇಕು. ಅಲ್ಲಿಯವರೆಗೆ ನೋವಿರುವುದಿಲ್ಲ. ನೋವಿಲ್ಲವೆಂದು ರೋಗಿ ಬಸ್‌ಸ್ಟ್ಯಾಂಡಿನವರೆಗೆ ನಡೆದೇ ಹೋಗುತ್ತಾನೆ. ಹಾಸನದಿಂದ ಅರಸೀಕೆರೆಗಾಗಲಿ ಬೇಲೂರಿಗಾಗಲಿ ಹತ್ತಿರ ಹತ್ತಿರ 40 ಕಿಲೋಮೀಟರು. ಅಷ್ಟು ದಾರಿಯೂ ಕಾಲು ಇಳಿಬಿಟ್ಟೇ ಕೂತಿರುತ್ತಾನೆ. ರಾತ್ರಿ ಹೊತ್ತಿಗೆ ಪಾದ ಬಾತುಕೊಂಡು, ಬ್ಯಾಂಡೇಜು ಬಿಗಿದು, ಎದೆ ಬಡಿತದ ಜೊತೆಗೇ ಗಾಯವೂ ಮಿಡಿಯಲು ಶುರುವಾಗುತ್ತದೆ. 'ಡಾಕ್ಟ್ರು ಸರಿಯಾಗಿ ಮಾಡಿಲ್ಲ' ಎಂಬ ಮಾತು ಹುಟ್ಟುವುದು ಆಗಲೇ. ಇಷ್ಟಕ್ಕೂ ಅಲ್ಲಿ ಆಗಿರುವುದು ಸಾಮಾನ್ಯವಾಗಿ ಭೂಮಿಯ ಸೆಳೆತದ ಕೆಲಸ, ಅಷ್ಟೇ.

ಇದನ್ನು ನಿಮ್ಮ ಕೈಯಲ್ಲೇ ನೋಡಬಹುದು. ಒಂದು ಕೈಯನ್ನು ಒಂದು ನಿಮಿಷ ಸುಮ್ಮನೆ ಇಳಿಬಿಡಿ. ಹಸ್ತದ ಹಿಂಬದಿಯ ನೀಲಿ ನರಗಳು ಹಗ್ಗದಂತೆ ಉಬ್ಬುತ್ತವೆ. ಈಗ ಕೈಯನ್ನು ತಲೆಗಿಂತ ಮೇಲಕ್ಕೆ ಎತ್ತಿ. ಕೆಲವೇ ಕ್ಷಣಗಳಲ್ಲಿ ಅವು ಚಪ್ಪಟೆಯಾಗಿ ಮಾಯವಾಗುತ್ತವೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಇಂಥದೇ ಉಬ್ಬಿದ ನರಗಳನ್ನು ಬೆರಳಿಂದ ಒತ್ತಿ ನೋಡುತ್ತ, ಅವುಗಳಲ್ಲಿ ರಕ್ತ ಹೃದಯದ ಕಡೆಗೆ ಮಾತ್ರ ಹರಿಯುತ್ತದೆಂದು ತೋರಿಸಿದ. 1628ರ ಅವನ ಪುಸ್ತಕದಲ್ಲಿ ಆ ಪ್ರಯೋಗದ ಚಿತ್ರಗಳೇ ಇವೆ. ಯಾವ ಉಪಕರಣವೂ ಇಲ್ಲದೆ ಮನೆಯಲ್ಲಿ ಮಾಡಿನೋಡಬಹುದಾದ ಇಷ್ಟು ದೊಡ್ಡ ಸತ್ಯ ವೈದ್ಯಶಾಸ್ತ್ರದಲ್ಲಿ ಮತ್ತೊಂದಿದೆಯೇ ಎಂದು ನನಗೆ ಈಗಲೂ ಬೆರಗು.

ಪಾದದಿಂದ ರಕ್ತ ಮೇಲೇರುವುದು ಹೇಗೆ? ಕಾಲಿನ ಅಭಿಧಮನಿಗಳ, ಅಂದರೆ ಇಂಥದೇ ನೀಲಿ ನರಗಳ ಒಳಗೆ ಅಲ್ಲಲ್ಲಿ ತೆಳ್ಳಗಿನ ಕವಾಟಗಳಿವೆ. ಬಾವಿಗಿಳಿಸಿದ ಪೈಪಿನ ತುದಿಯ ಫುಟ್‌ವಾಲ್ವ್ ನೋಡಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲೆ ಹೋಗಲು ಬಿಡುತ್ತದೆ, ಕೆಳಗೆ ಮರಳಲು ಬಿಡುವುದಿಲ್ಲ. ಪಂಪಿನ ಕೆಲಸ ಮೀನಖಂಡದ ಸ್ನಾಯುವಿನದು. ಹೆಜ್ಜೆ ಹಾಕಿದಾಗೆಲ್ಲ ಅದು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಅಲ್ಲಾಡದೆ ನಿಂತಾಗ ಹರಡಿನ ಬಳಿಯ ಅಭಿಧಮನಿಯಲ್ಲಿ ಒತ್ತಡ ಪಾದರಸದ ಸುಮಾರು 90 ಮಿಲಿಮೀಟರ್ ಇರುತ್ತದೆ. ಆರೋಗ್ಯವಂತರು ನಡೆಯತೊಡಗಿದರೆ 30ರ ಆಸುಪಾಸಿಗೆ, ಮಲಗಿದರೆ 10ರ ಆಚೀಚೆಗೆ ಇಳಿಯುತ್ತದೆ.

'ಹಾಗಾದರೆ ಓಡಾಡಿದರೇ ಒಳ್ಳೆಯದಲ್ಲವೇ?' ಎಂದು ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಗಾಯದ ಕಾಲಿನಲ್ಲಿ ನಾವು ನಡೆಯುವುದಿಲ್ಲ, ಕುಂಟುತ್ತೇವೆ. ಹಿಮ್ಮಡಿ ಊರಿ, ಹರಡು ಬಗ್ಗಿಸದೆ ಹೆಜ್ಜೆ ಎಳೆಯುವಾಗ ಮೀನಖಂಡ ಸರಿಯಾಗಿ ಹಿಂಡುವುದೇ ಇಲ್ಲ. ಕೊಯ್ದ ಜಾಗಕ್ಕೆ ರಕ್ತ ಬರುವುದು ಹೆಚ್ಚಿರುತ್ತದೆ, ಅಲ್ಲಿನ ಸಣ್ಣ ನಾಳಗಳ ಗೋಡೆ ಸಡಿಲವಾಗಿರುತ್ತದೆ. ಮೇಲೆ ಹೋಗಬೇಕಾದದ್ದು ಹೋಗದೆ ನೀರು ಹೊರಗೆ ಜಿನುಗಿ ಊತವಾಗುತ್ತದೆ. ಊದಿದ ಚರ್ಮ ಹೊಲಿಗೆಯನ್ನು ಜಗ್ಗುತ್ತದೆ. ಆಮ್ಲಜನಕ ಜೀವಕೋಶಗಳನ್ನು ಮುಟ್ಟುವುದು ತಡವಾಗುತ್ತದೆ. ಗಾಯ ಮಾಯುವುದೂ ತಡವಾಗುತ್ತದೆ.

ಆದ್ದರಿಂದ ಮೊದಲ ಎರಡು ಮೂರು ದಿನ ಮಲಗಿ, ಪಾದವನ್ನು ಎದೆಯ ಮಟ್ಟಕ್ಕಿಂತ ಮೇಲಿಡಿ. ಕುರ್ಚಿಯಲ್ಲಿ ಕೂತು ಮುಂದಿನ ಸ್ಟೂಲಿನ ಮೇಲೆ ಕಾಲು ಚಾಚಿದರೆ ಸಾಲದು, ಆಗಲೂ ಪಾದ ಎದೆಗಿಂತ ಕೆಳಗೇ ಇರುತ್ತದೆ. ಮೀನಖಂಡದ ಕೆಳಗೆ ಎರಡು ದಿಂಬು ಇಡಿ. ಹಿಮ್ಮಡಿಗೆ ಯಾವುದೂ ಒತ್ತದಿರಲಿ. ಹಾಗೆ ಮಲಗಿದ್ದಾಗಲೇ, ವೈದ್ಯರು ಬೇಡವೆಂದಿಲ್ಲದಿದ್ದರೆ, ಗಂಟೆಗೊಮ್ಮೆ ಪಾದವನ್ನು ಹಿಂದಕ್ಕೂ ಮುಂದಕ್ಕೂ ಹತ್ತು ಸಲ ಆಡಿಸಿ. ಗಾಯಕ್ಕೆ ಭಾರ ಬೀಳದೆ ಪಂಪು ನಡೆಯುತ್ತದೆ. ಊಟಕ್ಕೆ, ಶೌಚಕ್ಕೆ ಎದ್ದು ಓಡಾಡಬಹುದು. ಬೀಡಿ ಸೇದಿ ಸೇದಿ ಕಾಲಿನ ರಕ್ತನಾಳ ಕಿರಿದಾದವರು, ಸ್ವಲ್ಪ ನಡೆದರೆ ಮೀನಖಂಡ ಹಿಡಿದುಕೊಳ್ಳುವವರು ಮಾತ್ರ ಕಾಲನ್ನು ಎಷ್ಟು ಎತ್ತಬೇಕೆಂದು ವೈದ್ಯರನ್ನೇ ಕೇಳಬೇಕು. ಅವರಿಗೆ ತುಂಬ ಎತ್ತಿದರೆ ಬರುವ ರಕ್ತವೂ ಕಡಿಮೆಯಾಗುತ್ತದೆ. ಬೀಡಿ ಸಿಗರೇಟಂತೂ ಗಾಯ ಮಾಯುವವರೆಗೆ ಎಲ್ಲರೂ ಬಿಡಲೇಬೇಕು.

ಡ್ರೆಸಿಂಗ್ ಒಣಗಿರಬೇಕು, ಚೊಕ್ಕಟವಾಗಿರಬೇಕು. ಒಂದೇ ಜಿಲ್ಲೆಯಾದರೂ ಅರಸೀಕೆರೆಯಲ್ಲಿ ಶತ್ರು ಧೂಳು, ಬೇಲೂರಿನಲ್ಲಿ ತೇವ. ಸ್ನಾನ ಮಾಡುವಾಗ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸ್ಟೂಲಿನ ಮೇಲೆ ಕೂತು, ಕಾಲನ್ನು ನೀರಿನಾಚೆ ಚಾಚಿಕೊಳ್ಳಿ. ಬ್ಯಾಂಡೇಜು ನೆನೆದರೆ 'ಬಿಸಿಲಿಗೆ ಒಣಗುತ್ತೆ' ಎಂದು ಬಿಡಬೇಡಿ, ಬದಲಾಯಿಸಿಕೊಳ್ಳಿ. ಪಾದದ ಹೊಲಿಗೆ ಬಿಚ್ಚಲು ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ಪಕ್ಕದ ಮನೆಯವರ ಮುಖದ ಹೊಲಿಗೆ ಐದಾರು ದಿನಕ್ಕೇ ಬಿಚ್ಚಿದ್ದನ್ನು ನೋಡಿ ಅವಸರ ಮಾಡಬೇಡಿ.

ರಕ್ತ ಒಸರಿತೆಂದು ಕಾಫಿಪುಡಿ, ಸುಣ್ಣ, ಅರಿಶಿನ ಮೆತ್ತುವುದು ಬೇಡ. ಬಟ್ಟೆ ಇಟ್ಟು ಕಾಲೆತ್ತಿ 10–15 ನಿಮಿಷ ಬಿಡದೆ ಒತ್ತಿಹಿಡಿಯಿರಿ. ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಮಣ್ಣಿನಲ್ಲೂ ದನದ ಸಗಣಿಯಲ್ಲೂ ಧನುರ್ವಾಯುವಿನ ಬೀಜಾಣುಗಳಿರುತ್ತವೆ. ಕೊಟ್ಟಿಗೆ ಕೆಲಸವನ್ನು ಗಾಯ ಕೂಡುವವರೆಗೆ ಬೇರೆಯವರು ಮಾಡಲಿ.

ಊಟದ ವಿಷಯಕ್ಕೆ ಬಂದರೆ ನಮ್ಮಲ್ಲಿ ಮನೆಮಂದಿಯ ಪ್ರೀತಿಯೇ ರೋಗಿಯನ್ನು ಸೊರಗಿಸುತ್ತದೆ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಮೀನು ಮೊಟ್ಟೆ ಮುಟ್ಟಲೇಬಾರದು ಎಂದು ಅನ್ನ ತಿಳಿಸಾರಿನಲ್ಲೇ ಇಡುತ್ತಾರೆ. ಗಾಯದಲ್ಲಿ ಕೀವಾಗುವುದು ರೋಗಾಣುಗಳಿಂದ, ಬದನೆಕಾಯಿಯಿಂದಲ್ಲ. ಹೊಸ ಚರ್ಮ ಹೆಣೆಯಲು ದೇಹಕ್ಕೆ ಪ್ರೋಟೀನ್ ಬೇಕು, ಸಿ ಜೀವಸತ್ವ ಬೇಕು. ಹುರುಳಿ, ಹೆಸರುಕಾಳು, ಅವರೆ, ಮೊಸರು, ಮೊಟ್ಟೆ, ಸೀಬೆಹಣ್ಣು, ನೆಲ್ಲಿಕಾಯಿ ಎಲ್ಲವೂ ಒಳ್ಳೆಯವೇ. ಒಂದು ಪದಾರ್ಥ ಮೊದಲಿಂದಲೂ ಮೈಗೆ ಒಗ್ಗದಿದ್ದರೆ, ಮೂತ್ರಪಿಂಡದ ತೊಂದರೆಗೆ ವೈದ್ಯರೇ ಪಥ್ಯ ಹೇಳಿದ್ದರೆ ಅದು ಬೇರೆ ಮಾತು.

ಇನ್ನು ಬರಿಗಾಲು. ಮನೆಯೊಳಗೆ ಚಪ್ಪಲಿ ಮೆಟ್ಟುವುದು ನಮಗೆ ಒಗ್ಗದ ಅಭ್ಯಾಸ. ಒಳಗಿಗೆಂದೇ ಬೇರೆ ಒಂದು ಮೆತ್ತನೆಯ ಜೊತೆ ಇಟ್ಟುಕೊಳ್ಳಿ. ಬೇಲೂರಿನ ಚೆನ್ನಕೇಶವ ಆಗಾಗ ಬಾಬಾಬುಡನ್‌ಗಿರಿಗೆ ದೇವಿಯನ್ನು ಕಾಣಲು ಹೋಗುತ್ತಾನೆ, ಅದಕ್ಕೆಂದೇ ಗುಡಿಯಲ್ಲಿ ದೊಡ್ಡ ಪಾದರಕ್ಷೆಗಳಿವೆ, ಅವು ಸವೆದರೆ ಚನ್ನಗಿರಿ ಮತ್ತು ಬಸವಾಪಟ್ಟಣದ ಚಮ್ಮಾರರಿಗೆ ಕನಸಿನಲ್ಲಿ ತಿಳಿದು ಹೊಸ ಜೋಡು ಮಾಡಿ ತರುತ್ತಾರೆ ಎಂಬ ನಂಬಿಕೆಯನ್ನು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾರೆ. ದೇವರ ಪಾದಕ್ಕೇ ಜೋಡು ಬೇಕೆಂದು ಕಂಡುಕೊಂಡ ಆ ಕಾಳಜಿ ನನಗೆ ಬಹಳ ಇಷ್ಟ. ಆದರೆ ಬೇಲೂರು, ಹಳೇಬೀಡುಗಳ ಗುಡಿಗಳಲ್ಲಿ ನಾವು ಚಪ್ಪಲಿ ಹೊರಗೇ ಬಿಡಬೇಕು, ಮಧ್ಯಾಹ್ನದ ಕಲ್ಲುಹಾಸು ಕಾದ ಹೆಂಚಾಗಿರುತ್ತದೆ. ಗಾಯ ಪೂರ್ತಿ ಮಾಯುವವರೆಗೆ ದರ್ಶನ, ತೇರು ಮುಂದಕ್ಕೆ ಹಾಕಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಅಂಗಾಲು ಬೊಬ್ಬೆ ಎದ್ದರೂ ತಿಳಿಯುವುದಿಲ್ಲ.

ಸಕ್ಕರೆ ಕಾಯಿಲೆಯವರು ಗಮನಿಸಬೇಕಾದದ್ದು ಇದೇ: ನೋವಿಲ್ಲದಿರುವುದು ನಿಮಗೆ ಭರವಸೆಯಲ್ಲ. ಮನೆಯವರೊಬ್ಬರು ದಿನಾ ಪಾದವನ್ನು ಬೆಳಕಿನಲ್ಲಿ ನೋಡಲಿ. ಎರಡು ಮೂರು ದಿನ ಕಡಿಮೆಯಾಗುತ್ತ ಬಂದ ನೋವು ಮತ್ತೆ ಏರಿದರೆ, ಕೀವು, ವಾಸನೆ, ಜ್ವರ ಕಂಡರೆ, ಬೆರಳು ಕಪ್ಪಾದರೆ ತಡಮಾಡಬೇಡಿ. ಕೆಂಪು ಹರಡುತ್ತಿದೆಯೇ ಎಂಬ ಅನುಮಾನವಿದ್ದರೆ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಿರಿ. ಗೆರೆ ದಾಟಿತೆಂದರೆ ಅಂದೇ ಹೊರಡಿ. ಮೀನಖಂಡ ಊದಿ ನೋಯುತ್ತಿದ್ದರೂ ಅಂದೇ ತೋರಿಸಿ. ಅದರ ಜೊತೆ ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ.

ಪಾದದ ಆರೈಕೆಯ ಬಗ್ಗೆ ಕನ್ನಡದಲ್ಲಿ ಇನ್ನೂ ಬಹಳಷ್ಟು ಬರೆಯುವುದಿದೆ. ನರ್ಸಿಂಗ್ ಓದುತ್ತಿರುವ ಹುಡುಗ ಹುಡುಗಿಯರಲ್ಲಿ, ಊರೂರಿನ ಆಶಾ ಕಾರ್ಯಕರ್ತೆಯರಲ್ಲಿ ನನ್ನ ವಿನಂತಿ: ಅಭಿಧಮನಿಗಳ ಬಗ್ಗೆ, ಸಕ್ಕರೆ ಕಾಯಿಲೆಯ ಪಾದದ ಬಗ್ಗೆ ಆಳವಾಗಿ ಓದಿ, ತಿಳಿದದ್ದನ್ನು ನಿಮ್ಮೂರಿನ ಮಾತಿನಲ್ಲಿ ಹೇಳಿ. ಮೊದಲ ಪಾಠವಾಗಿ ಆ ಕೈ ಎತ್ತಿಳಿಸುವ ಪ್ರಯೋಗವನ್ನು ಹತ್ತು ಜನರ ಮುಂದೆ ಮಾಡಿ ತೋರಿಸಿ.