ಮರ ಕೊಯ್ಯುವ ಯಂತ್ರದ ಸರಪಳಿ: ಮಳೆಗಾಲಕ್ಕೆ ಮುನ್ನ ಹರಿತಗೊಳಿಸುವ ಕ್ರಮ

ಹಿಂಡಲಗಾ ಗ್ರಾಮ ಪಂಚಾಯಿತಿಯ ವ್ಯಾಪ್ತಿಯು ಬೆಳಗಾವಿ ನಗರಕ್ಕೆ ಹೊಂದಿಕೊಂಡಿದ್ದು, ವೆಂಗುರ್ಲಾ ಕಡೆಗೆ ಸಾಗುವ ರಸ್ತೆಯು ಈ ಊರನ್ನು ಹಾದು ಹೋಗುತ್ತದೆ. ನೈರುತ್ಯಕ್ಕಿರುವ ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಭಾಗಗಳು ದಟ್ಟ ಕಾಡು ಹಾಗೂ ಭಾರಿ ಮಳೆಯ ಪ್ರದೇಶಗಳಾಗಿವೆ. ಮಳೆಗಾಲದಲ್ಲಿ ಗಾಳಿಗೆ ಮರ ಉರುಳಿ ರಸ್ತೆ ಮುಚ್ಚಿದಾಗ, ಅದನ್ನು ತೆರವುಗೊಳಿಸುವಂತೆ ಗ್ರಾಮಸ್ಥರು ಮೊದಲು ಕೇಳುವುದು ಪಂಚಾಯಿತಿ ಸದಸ್ಯರನ್ನೇ. ಆ ಹೊತ್ತಿನಲ್ಲಿ ಆಸ್ಪತ್ರೆಗೆ ಹೊರಟ ವಾಹನವೊಂದು ಆಚೆ ಬದಿಯಲ್ಲಿ ನಿಂತಿರಬಹುದು. ಯಂತ್ರವಿದ್ದೂ ಅದರ ಸರಪಳಿ ಮೊಂಡಾಗಿದ್ದರೆ ತೆರವಿನ ಕೆಲಸವು ಸಾಗುವುದಿಲ್ಲ. ಮೇಲಾಗಿ ಕೆಲಸಗಾರನ ಜೀವಕ್ಕೂ ಅಪಾಯ. ಆದ್ದರಿಂದ ಸರಪಳಿಯನ್ನು ಹರಿತವಾಗಿಡುವ ಕ್ರಮವನ್ನು ಸದಸ್ಯರು ಅರಿತಿರುವುದು ಅವಶ್ಯ.

ಸರಪಳಿಯ ಹಲ್ಲು ಕೆಲಸ ಮಾಡುವ ಬಗೆ

ಇಂದು ಬಳಕೆಯಲ್ಲಿರುವ ಸರಪಳಿಯ ವಿನ್ಯಾಸವನ್ನು ಅಮೆರಿಕದ ಮರಕಡಿಯುವ ಕೆಲಸಗಾರ ಜೋಸೆಫ್ ಕಾಕ್ಸ್ ರೂಪಿಸಿದರು. 1946ರಲ್ಲಿ ಮರವನ್ನು ಕೊರೆಯುವ ಹುಳುವೊಂದು ತನ್ನ ಬಾಗಿದ ದವಡೆಗಳಿಂದ ಎಡಕ್ಕೂ ಬಲಕ್ಕೂ ಕತ್ತರಿಸುತ್ತ ಸಾಗುವುದನ್ನು ಅವರು ಗಮನಿಸಿದರು. ಅದೇ ಮಾದರಿಯಲ್ಲಿ ಸರಪಳಿಯ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಮುಖಮಾಡಿರುತ್ತವೆ. ಪ್ರತಿ ಹಲ್ಲಿನ ಮುಂದೆ ಒಂದು ಉಬ್ಬು ಇರುತ್ತದೆ. ಇದನ್ನು ಡೆಪ್ತ್ ಗೇಜ್ ಎನ್ನುತ್ತಾರೆ. ಹಲ್ಲು ಒಂದು ಬಾರಿಗೆ ಎಷ್ಟು ಆಳ ಕಚ್ಚಬೇಕೆಂಬುದನ್ನು ಈ ಉಬ್ಬು ನಿರ್ಧರಿಸುತ್ತದೆ. ಹಲ್ಲಿನ ಹರಿತ ಮತ್ತು ಉಬ್ಬಿನ ಎತ್ತರ ಇವೆರಡೂ ಸರಿಯಿದ್ದಾಗ ಮಾತ್ರ ಯಂತ್ರವು ಸಲೀಸಾಗಿ ಕೊಯ್ಯುತ್ತದೆ.

ಮೊಂಡಾದುದನ್ನು ಗುರುತಿಸುವುದು

ಹರಿತವಾದ ಸರಪಳಿಯಿಂದ ಮರದ ಚಕ್ಕೆಗಳು ಉದುರುತ್ತವೆ. ಮೊಂಡಾದ ಸರಪಳಿಯಿಂದ ನುಣ್ಣನೆಯ ಪುಡಿ ಬರುತ್ತದೆ. ಯಂತ್ರವು ತನ್ನ ತೂಕದಿಂದಲೇ ಮರದೊಳಗೆ ಇಳಿಯದೆ, ಕೆಲಸಗಾರನು ಅದನ್ನು ಒತ್ತಿ ಹಿಡಿಯಬೇಕಾಗಿ ಬಂದರೆ ಹಲ್ಲು ಮೊಂಡಾಗಿದೆ ಎಂದರ್ಥ. ಕೊಯ್ತವು ಒಂದು ಬದಿಗೆ ವಾಲಿದರೆ ಎಡ-ಬಲದ ಹಲ್ಲುಗಳು ಸಮವಾಗಿಲ್ಲ ಎಂದು ತಿಳಿಯಬೇಕು. ಸರಪಳಿಗೆ ಎಣ್ಣೆ ತಲುಪುತ್ತಿದ್ದರೂ ಮರದಿಂದ ಹೊಗೆ ಬರುವುದು ಇನ್ನೊಂದು ಲಕ್ಷಣ. ರಸ್ತೆಗೆ ಬಿದ್ದ ಮರದ ತೊಗಟೆಗೆ ಮಣ್ಣು, ಮರಳು ಮೆತ್ತಿಕೊಂಡಿರುವುದರಿಂದ ಹಲ್ಲು ಬೇಗನೆ ಸವೆಯುತ್ತದೆ. ಸರಪಳಿಯು ನೆಲದ ಕಲ್ಲಿಗೆ ಅಥವಾ ಕಾಂಡದಲ್ಲಿ ಹುದುಗಿದ ಮೊಳೆಗೆ ಒಮ್ಮೆ ತಾಗಿದರೂ ಹರಿತವು ಹಾಳಾಗುತ್ತದೆ.

ಅರದಿಂದ ಹರಿತಗೊಳಿಸುವ ಕ್ರಮ

ಈ ಕೆಲಸಕ್ಕೆ ದುಂಡು ಅರ (ಈ ಭಾಗದಲ್ಲಿ ಕಾನಸ) ಬೇಕು. ಅದರ ಗಾತ್ರವು ಸರಪಳಿಯ ಅಳತೆಗೆ ತಕ್ಕಂತಿರಬೇಕು. ಸಾಮಾನ್ಯವಾಗಿ ಸಣ್ಣ ಯಂತ್ರಗಳ 3/8 ಇಂಚಿನ ಕಡಿಮೆ ಎತ್ತರದ ಸರಪಳಿಗೆ 4.0 ಮಿ.ಮೀ., 0.325 ಇಂಚಿನ ಸರಪಳಿಗೆ 4.8 ಮಿ.ಮೀ., ದೊಡ್ಡ ಯಂತ್ರಗಳ 3/8 ಇಂಚಿನ ಸರಪಳಿಗೆ 5.2 ಅಥವಾ 5.5 ಮಿ.ಮೀ. ಅರ ಹೊಂದುತ್ತದೆ. ಖರೀದಿಗೆ ಮುನ್ನ ಯಂತ್ರದ ಕೈಪಿಡಿಯನ್ನು ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.

1. ಯಂತ್ರವನ್ನು ಸಂಪೂರ್ಣ ನಿಲ್ಲಿಸಿ, ಪಟ್ಟಿಯನ್ನು ಅಲುಗಾಡದಂತೆ ಬಿಗಿದು, ಸರಪಳಿಯನ್ನು ಒರೆಸಿ ಸ್ವಚ್ಛಗೊಳಿಸಬೇಕು. ಕೈಗವಸು ಕಡ್ಡಾಯ.

2. ಎಲ್ಲಕ್ಕಿಂತ ಗಿಡ್ಡವಾದ ಹಲ್ಲನ್ನು ಗುರುತಿಸಿ ಅದರಿಂದ ಆರಂಭಿಸಬೇಕು. ಉಳಿದ ಹಲ್ಲುಗಳನ್ನು ಅದೇ ಉದ್ದಕ್ಕೆ ತರಬೇಕು.

3. ಹಲ್ಲಿನ ಮೇಲಿರುವ ಗುರುತಿಗೆ ಸರಿಯಾಗಿ, ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ ಅರವನ್ನು ಹಿಡಿಯಬೇಕು. ಅರದ ದಪ್ಪದಲ್ಲಿ ಸುಮಾರು ಐದನೆಯ ಒಂದು ಭಾಗವು ಹಲ್ಲಿನ ಮೇಲ್ಮೈಗಿಂತ ಮೇಲಿರಬೇಕು.

4. ಹಲ್ಲಿನ ಒಳಬದಿಯಿಂದ ಹೊರಬದಿಗೆ, ಮುಂದಕ್ಕೆ ಮಾತ್ರ ಉಜ್ಜಬೇಕು. ಹಿಂದಕ್ಕೆ ತರುವಾಗ ಅರವನ್ನು ಎತ್ತಬೇಕು. ಎಲ್ಲ ಹಲ್ಲುಗಳಿಗೂ ಒಂದೇ ಸಂಖ್ಯೆಯ ಉಜ್ಜುವಿಕೆ ನೀಡಬೇಕು.

5. ಒಂದು ಬದಿಯ ಹಲ್ಲುಗಳನ್ನು ಮುಗಿಸಿದ ನಂತರವೇ ಇನ್ನೊಂದು ಬದಿಯನ್ನು ಕೈಗೊಳ್ಳಬೇಕು. ಅಂಚಿನಲ್ಲಿ ಬಿಳಿ ಹೊಳಪು ಕಂಡರೆ ಅಲ್ಲಿ ಇನ್ನೂ ಮೊಂಡುತನ ಉಳಿದಿದೆ ಎಂದರ್ಥ.

ಹಲ್ಲು ಸವೆದಂತೆ ಅದರ ಎತ್ತರವೂ ತಗ್ಗುತ್ತದೆ. ಆದ್ದರಿಂದ ಮೂರರಿಂದ ಐದು ಬಾರಿ ಹರಿತಗೊಳಿಸಿದ ಮೇಲೆ ಡೆಪ್ತ್ ಗೇಜನ್ನು ಅಳತೆಪಟ್ಟಿಯಿಂದ ಪರೀಕ್ಷಿಸಬೇಕು. ಹೆಚ್ಚಿನ ಸರಪಳಿಗಳಲ್ಲಿ ಉಬ್ಬು ಹಲ್ಲಿಗಿಂತ 0.65 ಮಿ.ಮೀ. ತಗ್ಗಿರುತ್ತದೆ. ಹೆಚ್ಚಾಗಿದ್ದರೆ ಚಪ್ಪಟೆ ಅರದಿಂದ ಸರಿಪಡಿಸಬೇಕು. ಬೇಗ ಕೊಯ್ಯಲೆಂದು ಉಬ್ಬನ್ನು ಅತಿಯಾಗಿ ಉಜ್ಜುವುದು ಅಪಾಯಕರ: ಹಲ್ಲು ಮಿತಿಮೀರಿ ಕಚ್ಚಿ ಯಂತ್ರವು ಕೆಲಸಗಾರನ ಕಡೆಗೆ ಎಗರುವ ಸಂಭವ ಹೆಚ್ಚುತ್ತದೆ. ಹಲ್ಲಿನ ಉದ್ದ 4 ಮಿ.ಮೀ.ಗಿಂತ ಕಡಿಮೆಯಾದಾಗ ಸರಪಳಿಯನ್ನು ಬದಲಿಸಬೇಕು.

ವಿದ್ಯುತ್ ಸಾಣೆ ಯಂತ್ರದ ಬಳಕೆ

ಕಲ್ಲಿಗೆ ತಾಗಿ ಹಲ್ಲು ಮುರಿದಾಗ ಅಥವಾ ಉದ್ದ ತೀರ ಅಸಮವಾದಾಗ ಸಾಣೆ ಯಂತ್ರವು ಉಪಯುಕ್ತ. ಆದರೆ ಹಲ್ಲನ್ನು ಚಕ್ರಕ್ಕೆ ಬಹುಕಾಲ ಒತ್ತಿ ಹಿಡಿದರೆ ಅದು ಕಾದು ನೀಲಿ ಬಣ್ಣಕ್ಕೆ ತಿರುಗುತ್ತದೆ, ಉಕ್ಕಿನ ಹದ ಕೆಡುತ್ತದೆ. ಆದ್ದರಿಂದ ಕ್ಷಣಮಾತ್ರ ತಾಗಿಸಿ ಎತ್ತುತ್ತ, ಸ್ವಲ್ಪಸ್ವಲ್ಪವಾಗಿ ತೆಗೆಯಬೇಕು. ಕಣ್ಣಿಗೆ ರಕ್ಷಣಾ ಕನ್ನಡಕ ಧರಿಸಬೇಕು. ನಿತ್ಯದ ಹರಿತಕ್ಕೆ ಕೈಯರವೇ ಸಾಕು.

ಪಂಚಾಯಿತಿಗಳು ಗಮನಿಸಬೇಕಾದ ಅಂಶಗಳು

ಮೊಂಡಾದ ಸರಪಳಿಯಿಂದ ಪೆಟ್ರೋಲ್ ವ್ಯರ್ಥವಾಗುತ್ತದೆ, ಎಂಜಿನ್ ಮತ್ತು ಪಟ್ಟಿ ಬೇಗ ಸವೆಯುತ್ತವೆ. ಅದಕ್ಕೆ ಹೋಲಿಸಿದರೆ ಅರದ ಬೆಲೆ ಅಲ್ಪ. ಯಂತ್ರ ಖರೀದಿಗೆ ಮಂಜೂರಾತಿ ನೀಡುವಾಗಲೇ ಎರಡು ಹೆಚ್ಚುವರಿ ಸರಪಳಿ, ಅರಗಳು, ಅಳತೆಪಟ್ಟಿ, ಶಿರಸ್ತ್ರಾಣ, ಕನ್ನಡಕ, ಕೈಗವಸು, ಕಾಲಿನ ರಕ್ಷಣಾ ಉಡುಪುಗಳನ್ನೂ ಸೇರಿಸುವುದು ಸೂಕ್ತ. ಯಂತ್ರವನ್ನು ಬಾಡಿಗೆಗೆ ತರಿಸುವ ಪಂಚಾಯಿತಿಗಳು ಕೆಲಸ ಆರಂಭಕ್ಕೆ ಮುನ್ನ ಸರಪಳಿಯನ್ನು ಪರಿಶೀಲಿಸಬೇಕು. ಗಂಟೆ ಲೆಕ್ಕದ ಬಾಡಿಗೆಯಲ್ಲಿ ಮೊಂಡು ಸರಪಳಿಯ ನಷ್ಟವು ಪಂಚಾಯಿತಿಯ ಮೇಲೆಯೇ ಬೀಳುತ್ತದೆ.

ತರಬೇತಿ ಪಡೆದ ಒಬ್ಬರಿಗೆ ಸರಪಳಿಯ ಹೊಣೆಯನ್ನು ವಹಿಸಿ, ಹರಿತಗೊಳಿಸಿದ ದಿನಾಂಕವನ್ನು ವಹಿಯಲ್ಲಿ ದಾಖಲಿಸಬೇಕು. ವಿದ್ಯುತ್ ತಂತಿ ಸಿಲುಕಿದ ಮರವನ್ನು, ಹೆಸ್ಕಾಂ ಸಿಬ್ಬಂದಿ ಪೂರೈಕೆ ನಿಲ್ಲಿಸಿರುವುದನ್ನು ಖಚಿತಪಡಿಸುವವರೆಗೆ ಮುಟ್ಟಬಾರದು. ನಿಂತಿರುವ ಮರಗಳನ್ನು ಕಡಿಯುವ ವಿಷಯದಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಉಪಬಂಧಗಳನ್ನು ಪಾಲಿಸತಕ್ಕದ್ದು.

ಮರ ಬಿದ್ದ ರಾತ್ರಿ ಅರ ಹುಡುಕುವಂತಾಗಬಾರದು. ಮೇ ತಿಂಗಳ ಸಾಮಾನ್ಯ ಸಭೆಯಲ್ಲಿಯೇ ಯಂತ್ರ, ಸರಪಳಿ ಹಾಗೂ ರಕ್ಷಣಾ ಸಾಮಗ್ರಿಗಳ ಸ್ಥಿತಿಯನ್ನು ಪರಿಶೀಲಿಸಿ, ಕೊರತೆಯಿದ್ದಲ್ಲಿ ಮಳೆಗೆ ಮುನ್ನ ನೀಗಿಸಿಕೊಳ್ಳುವುದು ಎಲ್ಲ ಪಂಚಾಯಿತಿಗಳಿಗೂ ಹಿತಕರ.