ಎದೆ ಕೊಯ್ಯದೆಯೂ ಕವಾಟಕ್ಕೆ ಚಿಕಿತ್ಸೆ

"ಡಾಕ್ಟರ್ ಸಾಹೇಬ್ರ, ಮಗಳಿಗೆ ಭಾಳ ನಿಶ್ಶಕ್ತಿ ಐತ್ರಿ, ಖಮೀರಾ ಕೊಡ್ರಿ." ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿಂದ, ಜಮಖಂಡಿ, ಮುಧೋಳ, ಬೀಳಗಿಯ ಹಳ್ಳಿಗಳಿಂದ ಬರುವ ತಾಯಂದಿರು ಹೀಗೆ ಕೇಳುವುದುಂಟು. ಆದರೆ ಮೆಟ್ಟಿಲೇರಿದರೆ ಏದುಸಿರು, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು, ನಾಡಿ ತಪ್ಪಿ ಮಿಡಿಯುವುದು, ಗರ್ಭಿಣಿಯಾದಾಗ ಇವೆಲ್ಲ ಹೆಚ್ಚುವುದು ಬರೀ ನಿಶ್ಶಕ್ತಿಯಲ್ಲ. ಹೃದಯದ ಕವಾಟ ಕಿರಿದಾಗಿರಬಹುದು. ಖಮೀರಾ ಆ ಕವಾಟವನ್ನು ತೆರೆಯದು. ಯುನಾನಿ ವೈದ್ಯನಾದ ನಾನೇ ಇದನ್ನು ಹೇಳಬೇಕು.

ಈ ರೋಗದ ಬೇರು ಹೆಚ್ಚಾಗಿ ಬಾಲ್ಯದಲ್ಲಿರುತ್ತದೆ. 5ರಿಂದ 15 ವರ್ಷದೊಳಗಿನ ಮಗುವಿಗೆ ಗಂಟಲು ಸೋಂಕಿನ ಬಳಿಕ ಜ್ವರ, ಕೀಲುಬಾವು ಬಂದರೆ ಅದು ಸಂಧಿವಾತ ಜ್ವರವಿರಬಹುದು. ಕೀಲುನೋವು ಮಾಯವಾದರೂ ಕವಾಟದ ಗಾಯ ಉಳಿದು, ವರ್ಷಗಳ ನಂತರ ಅದರ ಎಸಳುಗಳು ಅಂಟಿಕೊಳ್ಳುತ್ತವೆ.

ಹಿಂದೆ ಇದಕ್ಕೆ ಎದೆ ಕೊಯ್ಯಲೇಬೇಕಿತ್ತು. 1982ರಲ್ಲಿ ಜಪಾನಿನ ವೈದ್ಯ ಕಾಂಜಿ ಇನೊಯೆ ಹೊಸ ದಾರಿ ತೋರಿದರು. ತೊಡೆಸಂದಿನ ರಕ್ತನಾಳದ ಮೂಲಕ ತೆಳು ನಳಿಕೆಯನ್ನು ಹೃದಯಕ್ಕೆ ಒಯ್ದು, ತುದಿಯ ಬಲೂನನ್ನು ಕೆಲವು ಕ್ಷಣ ಉಬ್ಬಿಸಿದರೆ ಅಂಟಿದ ಎಸಳುಗಳು ಬಿಡುತ್ತವೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾಗಿದೆ. ಕಲಬುರಗಿಯಲ್ಲೂ ಅದರ ಶಾಖೆಯಿದೆ.

ವೃದ್ಧರಲ್ಲಿ ಸುಣ್ಣ ಕಟ್ಟಿ ಬಿಗಿಯಾಗುವುದು ಮಹಾಪಧಮನಿಯ ಕವಾಟ. 2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ ಮಡಿಚಿದ ಹೊಸ ಕವಾಟವನ್ನೇ ನಳಿಕೆಯ ಮೂಲಕ ಒಯ್ದು ಕೂರಿಸಿದರು. 'ಟಾವಿ' ಎಂಬ ಈ ಚಿಕಿತ್ಸೆ ನಮ್ಮ ರಾಜ್ಯದಲ್ಲೂ ಲಭ್ಯ. ಆದರೆ ವೆಚ್ಚ ಲಕ್ಷಗಟ್ಟಲೆ. ಎಲ್ಲರಿಗೂ ನಳಿಕೆಯೇ ಸಾಲದು. ಕವಾಟ ಬಹಳ ಸೋರುತ್ತಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಅದನ್ನು ಎಕೋ ಪರೀಕ್ಷೆ ನೋಡಿ ಹೃದ್ರೋಗ ತಜ್ಞರು ನಿರ್ಧರಿಸುತ್ತಾರೆ.

ನೀವು ಮಾಡಬೇಕಾದದ್ದಿಷ್ಟು:

• ಏದುಸಿರಿದ್ದರೆ ಎಕೋ ಮಾಡಿಸಿ. ಮದುವೆ, ಹೆರಿಗೆ ಮುಗಿಯಲೆಂದು ಕಾಯಬೇಡಿ. "ಹುಡುಗಿಗೆ ಹೃದಯದ ಕಾಯಿಲೆ ಎಂದರೆ ಯಾರು ಒಪ್ಪಿಯಾರು?" ಎಂದು ಮುಚ್ಚಿಟ್ಟರೆ ಹೆರಿಗೆಯ ಹೊತ್ತಿಗೆ ಜೀವಕ್ಕೇ ಕುತ್ತು.

• ವೈದ್ಯರು ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಹೇಳಿದ್ದರೆ, ಮಗು ಚೆನ್ನಾಗಿದೆಯೆಂದು ನಿಲ್ಲಿಸಬೇಡಿ.

• ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ನಮ್ಮ ಯುನಾನಿ ಔಷಧ ಪಡೆಯುವ ಮುನ್ನ ತಿಳಿಸಿ. ಕೆಲವು ಗಿಡಮೂಲಿಕೆಗಳಿಂದ ರಕ್ತಸ್ರಾವದ ಅಪಾಯವಿದೆ. ರಮಝಾನಿನಲ್ಲೂ ಆ ಮಾತ್ರೆ ತಪ್ಪಿಸದೆ, ಸಮಯವನ್ನು ವೈದ್ಯರಲ್ಲಿ ಕೇಳಿ ಹೊಂದಿಸಿಕೊಳ್ಳಿ.

• ಖರ್ಚಿನ ಚಿಂತೆಯಿದ್ದರೆ ರೇಷನ್ ಕಾರ್ಡ್, ಆಧಾರ್ ಒಯ್ದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಆಯುಷ್ಮಾನ್ ಯೋಜನೆಯ ನೆರವು ವಿಚಾರಿಸಿ.

ನಿಶ್ಶಕ್ತಿಗೆ ಔಷಧ ಆಮೇಲೆ ಕೊಡೋಣ. ಮೊದಲು ಮಗಳ ಎದೆಬಡಿತ ಕೇಳಿಸಿ.